ಖಿಲಾಫತ್ತಿನ ಕಥೆಯೂ ಕನ್ನಡ ನಾಡೂ

ಶ್ರೀರಂಗಪಟ್ಟಣದ ಟಿಪ್ಪೂ ಸುಲ್ತಾನನು ತನ್ನ ನಾಣ್ಯಗಳಿಗೆ ವಿಲಕ್ಷಣವಾದ ಹೆಸರುಗಳನ್ನಿಟ್ಟಿದ್ದನು. ನಾಲ್ಕು ವರಹದ ಬೆಲೆಯ ಚಿನ್ನದ ನಾಣ್ಯಕ್ಕೆ ಅಹ್ಮದಿ, ಎರಡು ವರಹದ್ದಕ್ಕೆ ಸಿದ್ದೀಕಿ, ಒಂದು ವರಹದ್ದಕ್ಕೆ ಫಾರೂಕಿ, ಎರಡು ರೂಪಾಯಿಯ ಬೆಳ್ಳಿಯ ನಾಣ್ಯಕ್ಕೆ ಹೈದರಿ, ದೊಡ್ಡ ತಾಮ್ರದ ದುಡ್ಡಿಗೆ ಉಸ್ಮಾನಿ ಎಂದು ಹೆಸರು. ಪಟ್ಟಣದಲ್ಲಿ ಮಾತ್ರವಲ್ಲದೆ ಚಿತ್ರದುರ್ಗದಲ್ಲಿಯೂ ಗುತ್ತಿಯಲ್ಲಿಯೂ ಅವನ ಟಂಕಸಾಲೆಗಳಿದ್ದುವು. ಹರಪನಹಳ್ಳಿಯ ಪಾಳೆಯಗಾರರು ಆಗ ಮೈಸೂರಿಗೆ ಕಪ್ಪವನ್ನು ಸಲ್ಲಿಸುತ್ತಿದ್ದರು. ಆದುದರಿಂದ ಇಂದು ವಿಜಯನಗರ ಜಿಲ್ಲೆಗೆ ಸೇರಿರುವ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಸೀಮೆಗೆ ಈ ನಾಣ್ಯಗಳು ಪರದೇಶದವಾಗಿರಲಿಲ್ಲ. ಸಂತೆಯಲ್ಲಿ ಅವನ್ನು ಎಣಿಸಿಕೊಂಡವರಿಗೆ ತೂಕ ಸರಿಯಾಗಿದ್ದರೆ ಸಾಕಾಗಿತ್ತು. ಆ ಹೆಸರುಗಳು ಯಾರವೆಂದು ವಿಚಾರಿಸುವ ಪ್ರಮೇಯವಿರಲಿಲ್ಲ.

ಅಹ್ಮದಿಯೆಂಬುದು ಪೈಗಂಬರರ ಹೆಸರಿನಿಂದ ಬಂದುದು. ಸಿದ್ದೀಕರೆಂದರೆ ಅಬೂಬಕರರು, ಫಾರೂಕರೆಂದರೆ ಉಮರರು, ಉಸ್ಮಾನರ ಹೆಸರು ಹಾಗೆಯೇ ಇದೆ, ಹೈದರ್ ಎಂಬುದು ಅಲಿಯವರ ಬಿರುದು, ಟಿಪ್ಪುವಿನ ತಂದೆಯ ಹೆಸರೂ ಅದೇ. ಹೀಗೆ ಇಸ್ಲಾಮಿನ ಮೊದಲ ನಾಲ್ವರು ಖಲೀಫರ ಹೆಸರುಗಳೂ ನಮ್ಮ ಹಿರಿಯರ ಹಣದ ಚೀಲದಲ್ಲಿ ಸೇರಿದ್ದುವು. ಅರಬ್ಬೀ ನಾಡಿನಲ್ಲಿ ಹುಟ್ಟಿದ ಒಂದು ಅಧಿಕಾರದ ಹೆಸರು ಸಾವಿರದ ನೂರಕ್ಕೂ ಹೆಚ್ಚು ವರ್ಷಗಳ ಮೇಲೆ ತುಂಗಭದ್ರೆಯ ದಡದವರೆಗೆ ಹೇಗೆ ಬಂದಿತು, ಬರುವಷ್ಟರಲ್ಲಿ ಅದರ ಅರ್ಥವೇನಾಗಿದ್ದಿತು ಎಂಬುದನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಮೊದಲು ಶಬ್ದಾರ್ಥವನ್ನು ನೋಡೋಣ. ಖಲೀಫ ಎಂದರೆ ಹಿಂದೆ ಬಂದವನು, ಒಬ್ಬರ ಸ್ಥಾನದಲ್ಲಿ ನಿಂತು ಕಾರ್ಯ ನಡೆಸುವವನು, ಪ್ರತಿನಿಧಿ. ನಂದಿಗ್ರಾಮದಲ್ಲಿ ಅಣ್ಣನ ಪಾದುಕೆಗಳನ್ನು ಪೀಠದ ಮೇಲಿಟ್ಟು ತಾನು ಕೆಳಗೆ ಕುಳಿತು ರಾಜ್ಯಭಾರ ಮಾಡಿದ ಭರತನನ್ನು ನೆನೆದರೆ ಈ ಭಾವವು ನಮಗೆ ಸುಲಭವಾಗಿ ತಿಳಿಯುವುದು. ವಿಜಯನಗರದ ಅರಸರು ತಮ್ಮ ಶಾಸನಗಳ ಕೊನೆಯಲ್ಲಿ ಸ್ವಂತ ಹೆಸರನ್ನು ಬಿಟ್ಟು ‘ಶ್ರೀ ವಿರೂಪಾಕ್ಷ’ ಎಂದು ಅಂಕಿತ ಹಾಕುತ್ತಿದ್ದುದೂ ಇದೇ ಜಾತಿಯದು. ಆಳುವವನು ಒಡೆಯನಲ್ಲ, ಒಡೆಯನ ಪರವಾಗಿ ಲೆಕ್ಕ ಇಟ್ಟಿರುವವನು ಎಂಬುದು ಇದರ ತಾತ್ಪರ್ಯ. ಆದರೆ ಇಲ್ಲಿ ಎರಡು ಪ್ರಶ್ನೆಗಳು ಏಳುತ್ತವೆ. ಪ್ರತಿನಿಧಿಯನ್ನು ಆರಿಸುವವರು ಯಾರು? ಅವನು ತಪ್ಪಿ ನಡೆದರೆ ಲೆಕ್ಕ ಕೇಳುವವರು ಯಾರು? ಖಿಲಾಫತ್ತಿನ ಚರಿತ್ರೆಯೆಲ್ಲವೂ ಈ ಎರಡು ಪ್ರಶ್ನೆಗಳ ಸುತ್ತ ಸುತ್ತಿಕೊಂಡಿದೆ.

ಮಹಮ್ಮದ್ ಪೈಗಂಬರರು 632ರಲ್ಲಿ ಮದೀನೆಯಲ್ಲಿ ಕಾಲವಾದರು. ಅವರಿಗೆ ಗಂಡುಸಂತಾನವು ಉಳಿದಿರಲಿಲ್ಲ. ಮಕ್ಕೆಯಿಂದ ಅವರೊಡನೆ ವಲಸೆ ಬಂದವರೂ ಮದೀನೆಯಲ್ಲಿ ಆಶ್ರಯವಿತ್ತವರೂ ಮುಂದಿನ ನಾಯಕನು ಯಾರೆಂಬ ವಿಷಯದಲ್ಲಿ ಭಿನ್ನಾಭಿಪ್ರಾಯವುಳ್ಳವರಾಗಿದ್ದರು. ಬನೂ ಸಾಇದಾ ಕುಲದವರ ಚಪ್ಪರದಲ್ಲಿ ಸಭೆ ಸೇರಿ ವಾದವು ಬೆಳೆದಾಗ ಉಮರರು ವಯೋವೃದ್ಧರಾದ ಅಬೂಬಕರರ ಕೈಹಿಡಿದು ಅವರಿಗೆ ನಿಷ್ಠೆಯನ್ನು ಸೂಚಿಸಿದರು; ಉಳಿದವರೂ ಅನುಸರಿಸಿದರು. ಪೈಗಂಬರರ ದೊಡ್ಡಪ್ಪನ ಮಗನೂ ಅಳಿಯನೂ ಆಗಿದ್ದ ಅಲಿಯವರಿಗೇ ಈ ಸ್ಥಾನವು ಸಲ್ಲಬೇಕಾಗಿತ್ತೆಂಬ ಭಾವನೆ ಕೆಲವರಲ್ಲಿ ಉಳಿಯಿತು. ಸುನ್ನಿ, ಷಿಯಾ ಎಂಬ ಭೇದದ ಬೇರು ಇಲ್ಲಿಯೇ ಇದೆ. ಪೀಠವು ಶಿಷ್ಯನಿಗೋ ವಂಶಜನಿಗೋ ಎಂಬ ವ್ಯಾಜ್ಯವನ್ನು ಮಠಗಳ ಸೀಮೆಯವರಾದ ನಾವು ಬಲ್ಲೆವಾದುದರಿಂದ ಇದು ನಮಗೆ ತೀರ ಅಪರಿಚಿತವಾದ ಸಂಗತಿಯಲ್ಲ.

ಅಬೂಬಕರರು ಬಟ್ಟೆಯ ವ್ಯಾಪಾರಿಗಳು. ತಾನು ನೆಟ್ಟಗೆ ನಡೆದರೆ ಸಹಾಯ ಮಾಡಿರಿ, ತಪ್ಪಿದರೆ ತಿದ್ದಿರಿ ಎಂಬರ್ಥದ ಮಾತುಗಳನ್ನು ಅವರು ತಮ್ಮ ಮೊದಲ ಭಾಷಣದಲ್ಲಿಯೇ ಆಡಿದರೆಂದು ಅರಬ್ಬೀ ಚರಿತ್ರಕಾರರು ಬರೆದಿರುವರು. ಪಟ್ಟವಾದ ಮೇಲೂ ಬಟ್ಟೆಯ ಗಂಟನ್ನು ಹೆಗಲಮೇಲೆ ಹೊತ್ತು ಪೇಟೆಗೆ ಹೊರಟಿದ್ದರೆಂದೂ, ಮಿತ್ರರು ತಡೆದು ಸಾರ್ವಜನಿಕ ಭಂಡಾರದಿಂದ ಮಿತವಾದ ವೇತನವನ್ನು ಗೊತ್ತುಮಾಡಿದರೆಂದೂ, ಮರಣಕಾಲದಲ್ಲಿ ಅದನ್ನು ಹಿಂದಕ್ಕೆ ಸಲ್ಲಿಸುವಂತೆ ಹೇಳಿದರೆಂದೂ ಪರಂಪರೆಯಲ್ಲಿ ಪ್ರತೀತಿ. ಎರಡು ವರ್ಷಗಳ ಅಲ್ಪಕಾಲದಲ್ಲಿ ಒಡೆದುಹೋಗಲಿದ್ದ ಅರಬ್ಬೀ ಕುಲಗಳನ್ನು ಯುದ್ಧದಿಂದ ಮತ್ತೆ ಒಂದುಗೂಡಿಸಿ ಅವರು 634ರಲ್ಲಿ ತೀರಿಕೊಂಡರು. ಸಾಯುವ ಮುನ್ನ ಉಮರರನ್ನು ಉತ್ತರಾಧಿಕಾರಿಯೆಂದು ಸೂಚಿಸಿದರು.

ಉಮರರ ಹತ್ತು ವರ್ಷಗಳು ಜಗತ್ತಿನ ಭೂಪಟವನ್ನೇ ಬದಲಾಯಿಸಿದುವು. 636ರ ಯರ್ಮೂಕ್ ಯುದ್ಧದಲ್ಲಿ ರೋಮಕರ ಚಕ್ರವರ್ತಿಯ ಸೇನೆ ಸೋತು ಸಿರಿಯಾ ಕೈಸೇರಿತು, ಕಾದಿಸಿಯ್ಯದಲ್ಲಿ ಪಾರಸಿಕರು ಸೋತರು, ಜೆರೂಸಲೇಮ್ ಶರಣಾಯಿತು, ಮಿಸರ ದೇಶವೂ ವಶವಾಯಿತು. ಗೆದ್ದುದಕ್ಕಿಂತ ಗೆದ್ದ ಮೇಲೆ ಕಟ್ಟಿದ ವ್ಯವಸ್ಥೆಯು ಹೆಚ್ಚಿನದು. ಭಂಡಾರದ ಹಣವು ಯಾರಿಗೆ ಎಷ್ಟು ಸಲ್ಲಬೇಕೆಂಬುದಕ್ಕೆ ಅವರು ‘ದಿವಾನ್’ ಎಂಬ ದಾಖಲೆಯ ಪುಸ್ತಕವನ್ನು ಏರ್ಪಡಿಸಿದರು. ನಮ್ಮ ದಿವಾನ, ದಿವಾನಖಾನೆ ಎಂಬ ಶಬ್ದಗಳ ಮನೆತನವು ಅದೇ. ಹಿಜರಿ ಶಕವನ್ನು ಗೊತ್ತುಮಾಡಿದವರೂ ಅವರೇ. ಜೆರೂಸಲೇಮಿಗೆ ಹೋಗುವಾಗ ಒಂಟೆಯನ್ನು ಸೇವಕನೊಡನೆ ಸರದಿಯಂತೆ ಏರಿ, ಪಟ್ಟಣದ ಬಾಗಿಲು ಬಂದಾಗ ಸರದಿ ಸೇವಕನದಾಗಿದ್ದುದರಿಂದ ತಾವು ನಡೆದೇ ಬಂದರೆಂಬ ಕಥೆಯು ಮುಸಲ್ಮಾನರ ಮನೆಗಳಲ್ಲಿ ಇಂದಿಗೂ ಮಕ್ಕಳಿಗೆ ಹೇಳುವಂಥದು. ದಿಲೀಪನು ಪ್ರಜೆಗಳ ಹಿತಕ್ಕಾಗಿಯೇ ಕರವನ್ನು ತೆಗೆದುಕೊಂಡನೆಂದು ರಘುವಂಶವನ್ನು ಓದಿದವರಿಗೆ ಈ ಕಥೆಗಳ ಮರ್ಮವನ್ನು ವಿವರಿಸಬೇಕಾಗಿಲ್ಲ. 644ರಲ್ಲಿ ಪಾರಸಿಕ ದಾಸನೊಬ್ಬನು ಉಮರರನ್ನು ಪ್ರಾರ್ಥನಾಕಾಲದಲ್ಲಿ ಇರಿದನು. ಗಾಯಗೊಂಡು ಮಲಗಿದ್ದಾಗ ಅವರು ಆರು ಜನರ ಮಂಡಳಿಯೊಂದನ್ನು ನೇಮಿಸಿ ಮುಂದಿನವರನ್ನು ಆರಿಸುವ ಭಾರವನ್ನು ಅದಕ್ಕೆ ಒಪ್ಪಿಸಿದರು. ತಮ್ಮ ಮಗನಿಗೆ ಆ ಪದವಿ ಸಲ್ಲಕೂಡದೆಂದೂ ವಿಧಿಸಿದರು.

ಮಂಡಳಿಯು ಉಸ್ಮಾನರನ್ನು ಆರಿಸಿತು. ಕುರ್‌ಆನಿನ ಪಾಠವನ್ನು ಒಂದೇ ಕ್ರಮದಲ್ಲಿ ಬರೆಯಿಸಿ ಮುಖ್ಯ ನಗರಗಳಿಗೆ ಪ್ರತಿಗಳನ್ನು ಕಳುಹಿಸಿದ ಕೀರ್ತಿ ಅವರದು. ವೇದದ ಪಾಠರಕ್ಷಣೆಗಾಗಿ ಪದ, ಕ್ರಮ, ಜಟೆ, ಘನಗಳನ್ನು ಏರ್ಪಡಿಸಿಕೊಂಡ ಜನರಿಗೆ ಇದು ಎಂತಹ ಕಾರ್ಯವೆಂಬುದು ಗೊತ್ತು. ಆದರೆ ದೊಡ್ಡ ಪ್ರಾಂತಗಳ ಅಧಿಕಾರವು ಅವರ ಬಂಧುಗಳ ಕೈಗೆ ಹೋಯಿತೆಂಬ ದೂರು ಹಬ್ಬಿತು. ಮಿಸರದಿಂದಲೂ ಇರಾಕಿನಿಂದಲೂ ಬಂದ ಅಸಂತುಷ್ಟರು ಮದೀನೆಯಲ್ಲಿ ಅವರ ಮನೆಯನ್ನು ಮುತ್ತಿ, 656ರಲ್ಲಿ ಒಳನುಗ್ಗಿ ಎಂಬತ್ತರ ಸುಮಾರಿನ ಆ ವೃದ್ಧರನ್ನು ಕೊಂದರು. ಬಳಿಕ ಬಂದ ಅಲಿಯವರಿಗೆ ಒಂದು ದಿನವೂ ನೆಮ್ಮದಿ ದೊರೆಯಲಿಲ್ಲ. 656ರಲ್ಲಿ ಬಸ್ರದ ಬಳಿ ಒಂಟೆಯ ಯುದ್ಧ, 657ರಲ್ಲಿ ಸಿಫ್ಫೀನಿನ ಯುದ್ಧ. ಎರಡರಲ್ಲಿಯೂ ಎರಡು ಪಕ್ಷಗಳೂ ಮುಸಲ್ಮಾನರವೇ. ಸಿರಿಯಾದ ಅಧಿಪತಿಯಾದ ಮುಆವಿಯನೊಡನೆ ಮಧ್ಯಸ್ಥಿಕೆಗೆ ಒಪ್ಪಿದುದೇ ಅಪರಾಧವೆಂದು ಸ್ವಪಕ್ಷದವರಲ್ಲಿಯೇ ಕೆಲವರು ಸಿಡಿದುಹೋದರು. ಅವರಲ್ಲಿ ಒಬ್ಬನು 661ರಲ್ಲಿ ಕೂಫಾ ನಗರದಲ್ಲಿ ಅಲಿಯವರನ್ನು ಕೊಂದನು.

ಈ ಇಪ್ಪತ್ತೊಂಬತ್ತು ವರ್ಷಗಳನ್ನು ಸುನ್ನಿ ಸಂಪ್ರದಾಯವು ಸನ್ಮಾರ್ಗದ ಖಲೀಫರ ಕಾಲವೆಂದು ಕರೆಯುವುದು. ಗೌರವಕ್ಕೆ ಕಾರಣಗಳನ್ನು ಮೇಲೆ ಹೇಳಿದೆನು. ಆದರೆ ಚರಿತ್ರೆಯನ್ನು ಓದುವವನು ಇನ್ನೊಂದು ಅಂಶವನ್ನೂ ಗಮನಿಸಬೇಕು. ನಾಲ್ವರೂ ನಾಲ್ಕು ರೀತಿಯಲ್ಲಿ ಪದವಿಗೆ ಬಂದರು: ಒಬ್ಬರು ಸಭೆಯ ಸಮ್ಮತಿಯಿಂದ, ಒಬ್ಬರು ಹಿಂದಿನವರ ಸೂಚನೆಯಿಂದ, ಒಬ್ಬರು ಆರು ಜನರ ಮಂಡಳಿಯಿಂದ, ಒಬ್ಬರು ಗಲಭೆಯ ನಡುವೆ ಜನರ ಒತ್ತಾಯದಿಂದ. ಮೂವರು ಕೊಲೆಯಾಗಿ ಹೋದರು. ಆರಿಸುವುದಕ್ಕೆ ನಿಶ್ಚಿತವಾದ ವಿಧಿಯಿರಲಿಲ್ಲ. ಬೇಡವಾದವರನ್ನು ಶಾಂತವಾಗಿ ಇಳಿಸುವುದಕ್ಕಂತೂ ಮಾರ್ಗವೇ ಇರಲಿಲ್ಲ. ಲೆಕ್ಕ ಕೊಡುವ ಮನಸ್ಸು ಆಳುವವರಲ್ಲಿತ್ತು. ಲೆಕ್ಕ ಕೇಳುವ ಕ್ರಮವು ಆಳಿಸಿಕೊಳ್ಳುವವರಿಗೆ ಇನ್ನೂ ಏರ್ಪಟ್ಟಿರಲಿಲ್ಲ. ಕ್ರಮವಿಲ್ಲದೆಡೆಯಲ್ಲಿ ಕತ್ತಿಯು ಆ ಕೆಲಸವನ್ನು ಮಾಡಿತು. ಕುರುವಂಶದ ದಾಯಾದ ಕಲಹದಲ್ಲಿ ಹದಿನೆಂಟು ಅಕ್ಷೋಹಿಣಿ ಸೈನ್ಯ ಅಳಿದ ಕಥೆಯನ್ನು ಪುರಾಣದ ಕಟ್ಟೆಯಲ್ಲಿ ಕೇಳಿ ಬೆಳೆದ ನಾವು ಇದನ್ನು ಕಂಡು ನಗುವಂತಿಲ್ಲ.

ಮುಆವಿಯನು ಈ ತೊಡಕನ್ನು ತನ್ನದೇ ರೀತಿಯಲ್ಲಿ ಬಿಡಿಸಿದನು. ದಮಾಸ್ಕಸ್ ರಾಜಧಾನಿಯಾಯಿತು, ತಾನು ಬದುಕಿರುವಾಗಲೇ ಮಗನಾದ ಯಜೀದನಿಗೆ ನಿಷ್ಠೆಯನ್ನು ಬರೆಯಿಸಿಕೊಂಡನು. ಅಲ್ಲಿಂದ ಖಿಲಾಫತ್ತು ದಾಯಭಾಗಕ್ಕೆ ಸೇರಿದ ಸೊತ್ತಾಯಿತು. ಇದಕ್ಕೆ ಒಪ್ಪದೆ, ಅಲಿಯವರ ಮಗನೂ ಪೈಗಂಬರರ ಮೊಮ್ಮಗನೂ ಆದ ಹುಸೇನರು 680ರಲ್ಲಿ ಮೊಹರಮ್ ತಿಂಗಳ ಹತ್ತನೆಯ ದಿನ ಕರ್ಬಲೆಯ ಬಯಲಿನಲ್ಲಿ ಪರಿವಾರದೊಡನೆ ಹತರಾದರು. ನಮ್ಮ ಸೀಮೆಯ ಹಳ್ಳಿಗಳಲ್ಲಿ ವರ್ಷವರ್ಷವೂ ಅಲಾಯಿ ಕುಣಿ ತೋಡಿ ಬೆಂಕಿ ಹಾಕಿ, ಪೀರಲ ದೇವರನ್ನು ಕೂರಿಸಿ, ಹಸನ್ ಹುಸೇನರ ಪದಗಳನ್ನು ಹಾಡುವವರು ಸ್ಮರಿಸುವುದು ಈ ದಿನವನ್ನೇ. ಮುಸಲ್ಮಾನರ ಮನೆಯೇ ಇಲ್ಲದ ಹಳ್ಳಿಗಳಲ್ಲಿಯೂ ಈ ಹಬ್ಬ ನಡೆಯುವುದುಂಟು. ದಮಾಸ್ಕಸಿನ ಗದ್ದುಗೆಯಲ್ಲಿ ಗೆದ್ದವನ ಹೆಸರನ್ನು ನಮ್ಮ ರೈತನು ಅರಿಯನು. ಸೋತು ಸತ್ತವನಿಗೆ ಸಕ್ಕರೆ ಓದಿಸುತ್ತಾನೆ.

ಉಮಯ್ಯದ್ ವಂಶವು 750ರಲ್ಲಿ ಉರುಳಿ ಅಬ್ಬಾಸಿಗಳು ಬಂದರು. 762ರಲ್ಲಿ ಮನ್ಸೂರನು ಬಗದಾದನ್ನು ಕಟ್ಟಿಸಿದನು. ಇವನ ಕಾಲದಲ್ಲಿ ಭಾರತೀಯರ ಜ್ಯೋತಿಶ್ಶಾಸ್ತ್ರ ಗ್ರಂಥವು ಆ ಆಸ್ಥಾನವನ್ನು ಮುಟ್ಟಿ ಅರಬ್ಬಿಗೆ ಪರಿವರ್ತಿತವಾಯಿತು. ನಮ್ಮ ಪಂಚತಂತ್ರವು ಪಹ್ಲವೀ ಭಾಷೆಯ ಮೂಲಕ ಹೋಗಿ ‘ಕಲೀಲ ವ ದಿಮ್ನ’ ಆಯಿತು. ಕರಟಕ ದಮನಕರೇ ಅಲ್ಲಿ ಆ ಹೆಸರು ತಳೆದವರು. ಬಗದಾದಿನ ಮಾಮೂನನು 813ರಲ್ಲಿ ಪಟ್ಟಕ್ಕೆ ಬಂದನು. ಅದರ ಮರುವರ್ಷ ಮಾನ್ಯಖೇಟದಲ್ಲಿ ಅಮೋಘವರ್ಷ ನೃಪತುಂಗನು ಬಂದನು. ಅಲ್ಲಿ ಗ್ರೀಕರ ಶಾಸ್ತ್ರಗಳ ಭಾಷಾಂತರ ನಡೆದಿದ್ದ ಶತಮಾನದಲ್ಲಿಯೇ ಇಲ್ಲಿ ಕವಿರಾಜಮಾರ್ಗವು ಹುಟ್ಟಿತು. ಸುಲೈಮಾನನೆಂಬ ವರ್ತಕನ ಹೆಸರಿನಲ್ಲಿರುವ 851ರ ವೃತ್ತಾಂತವು ಲೋಕದ ನಾಲ್ವರು ಮಹಾರಾಜರನ್ನು ಎಣಿಸುವಾಗ ಖಲೀಫ, ಚೀನದ ದೊರೆ, ರೋಮಕರ ದೊರೆ ಇವರೊಡನೆ ನಾಲ್ಕನೆಯವನಾಗಿ ‘ಬಲ್ಹರಾ’ ಎಂಬವನನ್ನು ಸೇರಿಸುವುದು. ಬಲ್ಹರಾ ಎಂದರೆ ವಲ್ಲಭರಾಜ, ಎಂದರೆ ನಮ್ಮ ರಾಷ್ಟ್ರಕೂಟ ಅರಸ. ಖಲೀಫನೂ ಕನ್ನಡಿಗನೂ ಒಂದೇ ಸಾಲಿನಲ್ಲಿ ಕುಳಿತ ಕಾಲವದು. ಒಬ್ಬರಿಂದೊಬ್ಬರು ಬಿರುದನ್ನು ಬೇಡಬೇಕಾಗಿರಲಿಲ್ಲ.

ಮುಂದೆ ಖಲೀಫರ ಕೈಯಿಂದ ಅಧಿಕಾರವು ಸೇನಾಪತಿಗಳಿಗೂ ಸುಲ್ತಾನರಿಗೂ ಜಾರಿ ಹೆಸರು ಮಾತ್ರ ಉಳಿಯಿತು. 1258ರಲ್ಲಿ ಮೊಂಗೋಲರ ಹುಲಾಗುವು ಬಗದಾದನ್ನು ಸುಲಿದು ಖಲೀಫ ಮುಸ್ತಅಸಿಮನನ್ನು ಕೊಲ್ಲಿಸಿದನು. ಮೂರು ವರ್ಷಗಳ ಮೇಲೆ ಮಿಸರದ ಸುಲ್ತಾನನು ಅಬ್ಬಾಸಿ ವಂಶದವನನ್ನು ಕೈರೋವಿನಲ್ಲಿ ಖಲೀಫನೆಂದು ನಿಲ್ಲಿಸಿದನು. ಸೈನ್ಯವಿಲ್ಲ, ಸೀಮೆಯಿಲ್ಲ, ಸುಲ್ತಾನನ ಅನ್ನವನ್ನುಂಡು ಸುಲ್ತಾನನಿಗೆ ಆಶೀರ್ವದಿಸುವ ಪದವಿ. ವಿಚಿತ್ರವೆಂದರೆ ಈ ಬರಿಯ ಹೆಸರಿಗೆ ದೂರದೇಶಗಳಲ್ಲಿ ಬೆಲೆ ಹೆಚ್ಚಿತು. ದೆಹಲಿಯ ಮಹಮ್ಮದ್ ಬಿನ್ ತುಘಲಕನು ಕೈರೋವಿನ ಖಲೀಫನಿಂದ ಸನ್ನದನ್ನು ತರಿಸಿಕೊಂಡು ನಾಣ್ಯದ ಮೇಲೆ ಅವನ ಹೆಸರನ್ನು ಹಾಕಿಸಿದನು. ಅವನಿಗೆ ತಿರುಗಿಬಿದ್ದು 1347ರಲ್ಲಿ ಹುಟ್ಟಿದ ಬಹಮನಿ ರಾಜ್ಯಕ್ಕೂ ಅದೇ ಬೇಕಾಯಿತು. ಗುಲ್ಬರ್ಗದ ಎರಡನೆಯ ಸುಲ್ತಾನನಾದ ಮಹಮ್ಮದ್ ಶಹನ ತಾಯಿ ಮಕ್ಕೆಗೆ ಯಾತ್ರೆ ಹೋದಾಗ ಖಲೀಫನ ಒಪ್ಪಿಗೆಯನ್ನು ಮಗನಿಗೆ ದೊರಕಿಸಿಕೊಟ್ಟಳೆಂದು ಫೆರಿಷ್ತನು ಬರೆದಿರುವನು.

ಆ ಸಮಯದಲ್ಲಿ ತುಂಗಭದ್ರೆಯ ಎರಡು ದಿಕ್ಕುಗಳನ್ನೂ ನೋಡಿರಿ. ದಕ್ಷಿಣದಲ್ಲಿ ವಿರೂಪಾಕ್ಷನ ಪ್ರತಿನಿಧಿಯಾಗಿ ಬುಕ್ಕರಾಯನು. ಉತ್ತರದಲ್ಲಿ ಖಲೀಫನ ಪ್ರತಿನಿಧಿಯಾಗಿ ಮಹಮ್ಮದ್ ಶಹನು. ಇಬ್ಬರೂ ದೊಡ್ಡ ಹೆಸರುಗಳ ನೆರಳಿನಲ್ಲಿ ನಿಂತವರು. ಇಬ್ಬರೂ ರಾಯಚೂರಿನ ಅಂತರ್ವೇದಿಗಾಗಿ ಕಾದಾಡಿದವರು. 1366ರ ಸುಮಾರಿನ ಆ ಯುದ್ಧದಲ್ಲಿ ಹಳ್ಳಿಗಳು ಹಾಳಾದುವು. ಪ್ರತಿನಿಧಿಯೆಂಬ ಹೆಸರು ಕೈರೋವಿನದಾಗಲಿ ಪಂಪಾಕ್ಷೇತ್ರದ್ದಾಗಲಿ, ದಾಳಿಗೆ ಸಿಕ್ಕ ಒಕ್ಕಲಿಗನ ಕಣಜವನ್ನು ಕಾಯಲಿಲ್ಲ.

1517ರಲ್ಲಿ ಉಸ್ಮಾನೀ ತುರ್ಕರು ಕೈರೋವನ್ನು ಗೆದ್ದರು. ಕಾಲಕ್ರಮದಲ್ಲಿ ಖಲೀಫನೆಂಬ ಗೌರವವು ಕಾನ್‌ಸ್ಟಾಂಟಿನೋಪಲಿನ ಸುಲ್ತಾನನಿಗೆ ಸಂದಿತು. ಟಿಪ್ಪುವು ಕಣ್ಣಿಟ್ಟುದು ಅಲ್ಲಿಗೆ. ಮೈಸೂರಿನ ಒಡೆಯರ ಗದ್ದುಗೆಯನ್ನು ಬದಿಗೊತ್ತಿ, ದೆಹಲಿಯ ಬಾದಶಹನನ್ನೂ ಲಕ್ಷಿಸದೆ ಆಳುತ್ತಿದ್ದ ಅವನಿಗೆ ಮಾನ್ಯತೆಯೊಂದು ಬೇಕಾಗಿತ್ತು. ಇಂಗ್ಲಿಷರ ವಿರುದ್ಧ ಸಹಾಯವೂ ಬೇಕಾಗಿತ್ತು. 1786ರಲ್ಲಿ ಗುಲಾಮ್ ಅಲೀಖಾನನ ನೇತೃತ್ವದಲ್ಲಿ ದೊಡ್ಡ ನಿಯೋಗವೊಂದು ಉತ್ತರ ಕನ್ನಡದ ತದಡಿ ಬಂದರಿನಿಂದ ಹಡಗೇರಿ ಮಸ್ಕತ್, ಬಸ್ರ, ಬಗದಾದುಗಳ ಮಾರ್ಗವಾಗಿ ಮರುವರ್ಷ ಕಾನ್‌ಸ್ಟಾಂಟಿನೋಪಲನ್ನು ಮುಟ್ಟಿತು. ಬಿರುಗಾಳಿಗೂ ಬೇನೆಗೂ ಪ್ಲೇಗಿಗೂ ಸಿಕ್ಕಿ ಹೊರಟವರಲ್ಲಿ ಬಹುಮಂದಿ ದಾರಿಯಲ್ಲಿಯೇ ಅಳಿದರು. ಆಗತಾನೇ ರಷ್ಯದೊಡನೆ ಯುದ್ಧಕ್ಕಿಳಿದಿದ್ದ ಸುಲ್ತಾನನು ಮರ್ಯಾದೆಯನ್ನೂ ಉಡುಗೊರೆಯನ್ನೂ ಕೊಟ್ಟನು, ಸೈನ್ಯವನ್ನು ಕೊಡಲಿಲ್ಲ.

ಅದರ ಉಪಸಂಹಾರವು ಇನ್ನೂ ಕಟುವಾದುದು. 1798ರಲ್ಲಿ ನೆಪೋಲಿಯನನು ಮಿಸರದ ಮೇಲೆ ಬಿದ್ದಾಗ ತುರ್ಕರೂ ಇಂಗ್ಲಿಷರೂ ಒಂದಾದರು. ಸುಲ್ತಾನ್ ಮೂರನೆಯ ಸೆಲೀಮನು ಟಿಪ್ಪುವಿಗೆ ಫ್ರೆಂಚರ ಸಂಗವನ್ನು ಬಿಡೆಂದು ಬರೆದ ಪತ್ರವು ಇಂಗ್ಲಿಷರ ಕೈಯಿಂದಲೇ ಅವನಿಗೆ ತಲುಪಿತು. 1799ರ ಫೆಬ್ರವರಿಯಲ್ಲಿ ಟಿಪ್ಪುವು ವಿನಯದಿಂದ ಉತ್ತರ ಬರೆದನು. ಮೇ 4ರಂದು ಪಟ್ಟಣದ ಕೋಟೆ ಬಿದ್ದು ಅವನು ಯುದ್ಧದಲ್ಲಿ ಮಡಿದನು. 1800ರಲ್ಲಿ ನಿಜಾಮನು ತನ್ನ ಪಾಲಿಗೆ ಬಂದಿದ್ದ ಬಳ್ಳಾರಿಯ ಸೀಮೆಯನ್ನು ಕುಂಪಣಿಗೆ ಬಿಟ್ಟುಕೊಟ್ಟನು; ನಮ್ಮದು ದತ್ತಮಂಡಲವಾಯಿತು, ಮನ್ರೋ ಸಾಹೇಬನು ಕಲೆಕ್ಟರನಾಗಿ ಬಂದನು.

ಇನ್ನೊಮ್ಮೆ ಆ ಹೆಸರು ನಮ್ಮ ನಾಡಿನಲ್ಲಿ ಮೊಳಗಿದುದು 1920ರಲ್ಲಿ. ಮೊದಲನೆಯ ಮಹಾಯುದ್ಧದಲ್ಲಿ ಸೋತ ತುರ್ಕಿಯನ್ನು ಗೆದ್ದವರು ಹಂಚಿಕೊಳ್ಳುವುದನ್ನು ಪ್ರತಿಭಟಿಸಿ ಖಿಲಾಫತ್ ಚಳವಳಿ ಎದ್ದಿತು. ಗಾಂಧೀಜಿಯವರು ಅದನ್ನು ಅಸಹಕಾರದೊಡನೆ ಬೆಸೆದು ಆ ವರ್ಷದ ಆಗಸ್ಟಿನಲ್ಲಿ ಶೌಕತ್ ಅಲಿಯವರೊಡನೆ ಮಂಗಳೂರಿಗೆ ಬಂದರು. ಹಿಂದೂ ಮುಸಲ್ಮಾನರು ಒಂದೇ ವೇದಿಕೆಯಲ್ಲಿ ನಿಂತ ಆ ದಿನಗಳ ನೆನಪು ಶ್ಲಾಘ್ಯವಾದುದು. ಆದರೆ 1921ರಲ್ಲಿ ಮಲಬಾರಿನಲ್ಲಿ ಅದೇ ಕೂಗು ದಂಗೆಯ ರೂಪವನ್ನು ತಾಳಿತು. ಅಲ್ಲಿ ಮನೆಮಾರುಗಳನ್ನೂ ಪ್ರಾಣಗಳನ್ನೂ ಕಳೆದುಕೊಂಡ ಹಿಂದೂ ಕುಟುಂಬಗಳ ದುಃಖವನ್ನು ಮರೆಯಲಾಗದು. ಸರಕಾರವು ಅದನ್ನಡಗಿಸಿದ ಕ್ರೌರ್ಯವನ್ನೂ ಮರೆಯಲಾಗದು. ಆ ನವಂಬರಿನಲ್ಲಿ ತಿರೂರಿನಿಂದ ಸುಮಾರು ನೂರು ಸೆರೆಯಾಳುಗಳನ್ನು ಗಾಳಿಯಾಡದ ಸರಕಿನ ರೈಲುಡಬ್ಬಿಯಲ್ಲಿ ತುಂಬಿ ಬಳ್ಳಾರಿಗೆಂದು ಸಾಗಿಸಿದರು. ಪೋದನೂರಿನಲ್ಲಿ ಬಾಗಿಲು ತೆರೆದಾಗ ಹೆಣಗಳ ರಾಶಿಯಿತ್ತು; ಕೊನೆಗೆ ಸತ್ತವರ ಸಂಖ್ಯೆ 70. ಅವರು ಬಳ್ಳಾರಿಯನ್ನು ಮುಟ್ಟಲಿಲ್ಲ. ಮುಟ್ಟಿದ ಇತರ ಮಾಪಿಳ್ಳೆ ಸೆರೆಯಾಳುಗಳು ಅಲೀಪುರದ ಬಂದೀಖಾನೆಯಲ್ಲಿ ನಮ್ಮ ಜಿಲ್ಲೆಯ ಬಿಸಿಲಿನಲ್ಲಿ ವರ್ಷಗಳನ್ನು ಕಳೆದರು.

ಅವರು ಸೆರೆಯಲ್ಲಿರುವಾಗಲೇ, 1924ನೆಯ ಮಾರ್ಚಿ 3ರಂದು, ತುರ್ಕಿಯ ರಾಷ್ಟ್ರಸಭೆಯು ಮುಸ್ತಫಾ ಕಮಾಲನ ನಾಯಕತ್ವದಲ್ಲಿ ಖಿಲಾಫತ್ತನ್ನು ರದ್ದುಮಾಡಿತು. ಕೊನೆಯ ಖಲೀಫನಾದ ಎರಡನೆಯ ಅಬ್ದುಲ್ ಮಜೀದನನ್ನು ರೈಲು ಹತ್ತಿಸಿ ದೇಶದಿಂದ ಹೊರಡಿಸಿದರು. ಅವನ ಜೀವನಕ್ಕೆ ಮಾಸಾಶನವನ್ನು ಕಳುಹಿಸಿದವನು, ತುಂಗಭದ್ರೆಯ ಆಚೆಯ ದಡವನ್ನು ಆಳುತ್ತಿದ್ದ ಹೈದರಾಬಾದಿನ ನಿಜಾಮನು. 1931ರಲ್ಲಿ ಖಲೀಫನ ಮಗಳು ದುರ್ರುಶೆಹ್ವಾರಳು ನಿಜಾಮನ ಹಿರಿಯ ಮಗನನ್ನು ಮದುವೆಯಾದಳು. 1944ರಲ್ಲಿ ಅಬ್ದುಲ್ ಮಜೀದನು ಪ್ಯಾರಿಸಿನಲ್ಲಿ ಮರಣ ಹೊಂದಿದನು. ನಾಲ್ಕು ವರ್ಷಗಳ ಮೇಲೆ ನಿಜಾಮನ ಸಂಸ್ಥಾನವೂ ಭಾರತದಲ್ಲಿ ಸೇರಿತು.

ಸೊತ್ತು ದಾಯವಾಗಿ ಬರುವುದು, ಹೆಸರೂ ಬರುವುದು, ಯೋಗ್ಯತೆಯು ಹಾಗೆ ಬಾರದು. ಬಟ್ಟೆಯ ಗಂಟನ್ನು ಹೊತ್ತವರ ಹೆಸರಿಗೆ ಬಂದ ತೂಕವನ್ನು ಮುಂದಿನವರು ಸನ್ನದಿನಲ್ಲಿಯೂ ನಾಣ್ಯದಲ್ಲಿಯೂ ಬಿರುದಿನಲ್ಲಿಯೂ ಖರ್ಚುಮಾಡಿದರು. ಗುಲ್ಬರ್ಗದವನಿಗೆ ಅದರಿಂದ ಶಾಂತಿ ಬರಲಿಲ್ಲ, ಶ್ರೀರಂಗಪಟ್ಟಣದವನಿಗೆ ರಕ್ಷಣೆ ಬರಲಿಲ್ಲ, ತಿರೂರಿನ ಕೂಲಿಯಾಳಿಗೆ ಉಸಿರೂ ಉಳಿಯಲಿಲ್ಲ.

ಮದೀನೆಯ ಚಪ್ಪರದಲ್ಲಿ ಹುಟ್ಟಿದ ಎರಡು ಪ್ರಶ್ನೆಗಳಿಗೆ ನಮ್ಮ ದೇಶವು ತನ್ನದೇ ಆದ ಒಂದು ಉತ್ತರವನ್ನು 1950ರ ಸಂವಿಧಾನದಲ್ಲಿ ಬರೆದುಕೊಂಡಿದೆ. ಪ್ರತಿನಿಧಿಯನ್ನು ಪ್ರಜೆಗಳೇ ಆರಿಸುವರು. ಅವನು ಬೇಡವಾದರೆ ಐದು ವರ್ಷಕ್ಕೊಮ್ಮೆ ರಕ್ತ ಚೆಲ್ಲದೆ ಇಳಿಸುವರು. ಉಸ್ಮಾನರ ಮನೆಯನ್ನು ಮುತ್ತಿದವರಿಗೆ ಈ ಎರಡನೆಯ ಮಾರ್ಗವು ತೆರೆದಿದ್ದರೆ ಚರಿತ್ರೆಯೇ ಬೇರೆಯಾಗುತ್ತಿದ್ದಿತು. ಮಾರ್ಗವನ್ನು ಪಡೆದ ನಾವಾದರೋ ತಂದೆಯ ಸ್ಥಾನವು ಮಗನಿಗೆ ಸಲ್ಲುವುದೇ ಸಹಜವೆಂದು, ಮುಆವಿಯನ ನ್ಯಾಯಕ್ಕೆ ತಲೆದೂಗುವ ಪ್ರಸಂಗಗಳನ್ನು ನಮ್ಮ ನಮ್ಮ ತಾಲೂಕುಗಳಲ್ಲಿಯೇ ಕಾಣುತ್ತೇವೆ. ಹುಸೇನರಿಗಾಗಿ ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುವ ಜನರು, ಅವರು ಯಾವ ವಿಷಯಕ್ಕೆ ಒಪ್ಪದೆ ಪ್ರಾಣಬಿಟ್ಟರೆಂಬುದನ್ನೂ ವಿಚಾರಿಸಿ ತಿಳಿಯುವುದು ಯುಕ್ತವಾಗಿದೆ.